ಹುಳದ ಮನೆಯ ಬೊಟ್ಟನಿಗೆ ಉಚ್ಚೆ ಕಟ್ಟಿದಾಗ

ಬೊಟ್ಟ ಸುಣ್ಣದ ಮೂಟೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ತಿಣುಕುತ್ತಿದ್ದುದನ್ನು ಮೊದಲು ಕಂಡವರು ನಮ್ಮತ್ತೆ. ಮೈಯೆಲ್ಲ ಬಿಳಿ, ಹಣೆಯ ನಡುವೆ ಮಾತ್ರ ಬೊಟ್ಟಿಟ್ಟಂತೆ ಒಂದು ಕಪ್ಪು ಮಚ್ಚೆ ಇರುವ ಗಂಡು ಬೆಕ್ಕು ಅವನು. ಮಾಂಬಳ್ಳಿ ಹತ್ತಿರದ ನಮ್ಮ ಹಿಪ್ಪುನೇರಳೆ ತೋಟದಲ್ಲಿ ರೇಷ್ಮೆ ಹುಳದ ಮನೆಗೆ ಅವನೇ ಕಾವಲು. ಹುಳ ಇರುವ ಕಡೆ ಇಲಿಪಾಷಾಣ ಇಡುವಂತಿಲ್ಲ. ಇಲಿಯನ್ನು ಹಾಗೆಯೇ ಬಿಟ್ಟರೆ ಹುಳ ಉಳಿಯುವುದಿಲ್ಲ. ಬೊಟ್ಟ ಹುಳವನ್ನು ಮೂಸಿಯೂ ನೋಡುವವನಲ್ಲ, ಇಲಿಯ ಸದ್ದು ಕೇಳಿದರೆ ಮಾತ್ರ ಎದ್ದು ಹೋಗುತ್ತಿದ್ದ.

ಆವತ್ತು ಹುಳ ಅಲ್ಲೊಂದು ಇಲ್ಲೊಂದು ಹಣ್ಣಾಗತೊಡಗಿತ್ತು. ಮೇವು ಬಿಟ್ಟು, ಮೈ ಹೊಂಬಣ್ಣಕ್ಕೆ ತಿರುಗಿ, ಗೂಡು ಕಟ್ಟಲು ತಲೆಯೆತ್ತಿ ಜಾಗ ಹುಡುಕುವ ಹುಳವನ್ನು ನಾವು ಹಣ್ಣಾದ ಹುಳ ಎನ್ನುತ್ತೇವೆ. ಅದನ್ನು ಆಯ್ದು, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ಚಂದ್ರಿಕೆಗೆ ಬಿಡುವ ಹೊತ್ತು ತಪ್ಪಿದರೆ ಅಷ್ಟು ದಿನ ಮಾಡಿದ್ದೆಲ್ಲ ಮಣ್ಣುಪಾಲು. ಹಾಸಿದ್ದ ಹಳೆಯ ಪೇಪರಿನ ಮೇಲೆ ಬೊಟ್ಟ ಮೂರ್ನಾಲ್ಕು ಕಡೆ ಹನಿ ಹನಿ ಉಚ್ಚೆ ಹೊಯ್ದಿದ್ದ. ಅತ್ತೆಗೆ ಸಿಟ್ಟು ಬಂತು.

"ಏನ್ಲಾ ನಿಂಗೆ ಬಂದಿರದು? ಬೂದಿ ಗುಡ್ಡೆ ಇಲ್ವಾ ಅಲ್ಲಿ? ಉಳದ್ ಮನೇಲಿ ನಾತ ಮಾಡ್ತೀಯಾ?" ಎಂದು ಅವನನ್ನು ಎತ್ತಿಕೊಂಡು ಬಂದು ಹೊರಗೆ ಬಿಟ್ಟರು.

ಅವನು ಹೋಗಲಿಲ್ಲ. ಅಂಗಳದ ಮಣ್ಣಲ್ಲಿ ಕುಳಿತು ಮತ್ತೆ ತಿಣುಕಿದ. ಕಸ ಗುಡಿಸುತ್ತಿದ್ದ ಪಕ್ಕದ ಮನೆಯ ಅಕ್ಕ ಅದನ್ನು ನೋಡಿದರು. "ಒಟ್ಟೆ ಕಟ್ಟದೆ ಕಣತ್ತೆ. ಒಣ್ಮೀನ್ ಆಕಿಯಲ್ಲ ದಿನಾ, ಅದ್ಕೆ. ಒಂದ್ ಚಮಚ ಅಳ್ಳೆಣ್ಣೆ ಉಯ್ಯಿ, ಸಲೀಸಾಯ್ತದೆ" ಎಂದರು. ಮಕ್ಕಳಿಗೆ ಹೊಟ್ಟೆ ಕಟ್ಟಿದಾಗ ಹರಳೆಣ್ಣೆ ಕುಡಿಸುವ ಮನೆಗಳು ನಮ್ಮವು. ನನಗೂ ಅದು ಸರಿಯೆಂದೇ ತೋರಿತು. ನಾನು ಹಿಡಿದುಕೊಂಡೆ, ಅತ್ತೆ ಕುಡಿಸಿದರು. ಅರ್ಧ ನನ್ನ ಸೆರಗಿನ ಮೇಲೆ ಚೆಲ್ಲಿತು.

ಮರುದಿನ ಬೆಳಿಗ್ಗೆ ಅವನು ಹುಲ್ಲಿನ ಕಂತೆಯ ಹಿಂದೆ ಮುದುಡಿ ಮಲಗಿದ್ದ. ಕೆಳಗೆ ನೊರೆನೊರೆ ವಾಂತಿ ಇತ್ತು. ಹಾಲಿಟ್ಟರೆ ಮುಖ ತಿರುಗಿಸಿದ. ನಾನು ಎತ್ತಿಕೊಳ್ಳಲು ಹೊಟ್ಟೆಯ ಕೆಳಗೆ ಕೈ ಹಾಕಿದೆ. ಅವನು ಕೂಗಿದ. ಅದು ಬೆಕ್ಕಿನ ಕೂಗಿನ ಹಾಗಿರಲಿಲ್ಲ. ಹೊಟ್ಟೆಯ ಕೆಳಭಾಗದಲ್ಲಿ ಗಟ್ಟಿಯಾದ, ದುಂಡನೆಯ ಏನೋ ಕೈಗೆ ಸಿಕ್ಕಿತ್ತು.

"ತಡಿ, ಎಣ್ಣೆ ಆಕಿ ಒಸಿ ನೀವ್ತೀನಿ. ಕಟ್ಟಿರದು ಇಳೀಲಿ" ಎಂದು ಅತ್ತೆ ಅಂಗೈಗೆ ಎಣ್ಣೆ ಸುರಿದುಕೊಂಡರು. ನಮ್ಮ ಓಣಿಯ ಎಷ್ಟೋ ಕೂಸುಗಳ ಹೊಟ್ಟೆ ನೀವಿದ ಕೈ ಅದು. ಆ ಎಣ್ಣೆಯ ಅಂಗೈ ಇನ್ನೂ ಆಗಾಗ ನನ್ನ ಕಣ್ಣ ಮುಂದೆ ಬರುತ್ತದೆ.

"ಒಂದು ನಿಮಿಷ ಅತ್ತೆ, ಡಾಕ್ಟರಿಗೆ ಫೋನ್ ಮಾಡ್ತೀನಿ" ಎಂದೆ. ನಮ್ಮ ಹಸು ಕರು ಹಾಕಿ ಏಳದೆ ಬಿದ್ದಾಗ ಬಂದಿದ್ದ ಕೊಳ್ಳೇಗಾಲದ ಪಶುವೈದ್ಯೆಯ ನಂಬರು ನನ್ನ ಬಳಿ ಇತ್ತು. ನಾನು ಎರಡು ಮಾತು ಹೇಳುವಷ್ಟರಲ್ಲಿ ಅವರು ತಡೆದರು.

"ಗಂಡು ಬೆಕ್ಕಾ?"

"ಹೌದು ಮೇಡಂ."

"ಉಚ್ಚೆ ಹೊಯ್ದದ್ದು ಯಾವಾಗ?"

"ನಿನ್ನೆ ಹನಿ ಹನಿ. ಇವತ್ತು ಏನೂ ಇಲ್ಲ."

"ಏನಾದ್ರೂ ಕೊಟ್ರಾ? ಮನುಷ್ಯರ ಜ್ವರದ ಮಾತ್ರೆ, ನೋವಿನ ಮಾತ್ರೆ?"

"ಹರಳೆಣ್ಣೆ ಮಾತ್ರ."

"ಸರಿ. ಹೊಟ್ಟೆ ಯಾರೂ ಒತ್ತಬೇಡಿ, ನೀವಬೇಡಿ. ಅದು ಮಲ ಅಲ್ಲ, ಮೂತ್ರಕೋಶ. ಒಳಗೇ ಒಡೆದುಹೋದ್ರೆ ಉಳಿಯಲ್ಲ. ಈಗಲೇ ಹೊರಡಿ."

ಫೋನ್ ಸ್ಪೀಕರಿನಲ್ಲಿತ್ತು. ಅತ್ತೆ ಅಂಗೈಯ ಎಣ್ಣೆಯನ್ನು ತಮ್ಮ ಮೊಣಕಾಲಿಗೆ ಒರೆಸಿಕೊಂಡರು.

ಈಗಲೇ ಹೊರಡುವುದು ಸುಲಭವಿರಲಿಲ್ಲ. ಅವತ್ತು ಬೆಳಗಾಗುವಷ್ಟರಲ್ಲಿ ಹುಳ ಒಟ್ಟಿಗೇ ಹಣ್ಣಾಗಿಬಿಟ್ಟಿತ್ತು. ತಟ್ಟೆ ತಟ್ಟೆಯಲ್ಲೂ ತಲೆಯೆತ್ತಿ ಆಡಿಸುತ್ತಿದ್ದವು. ನನ್ನ ಗಂಡ ಚಂದ್ರಿಕೆಗಳನ್ನು ಗೋಡೆಗೆ ಒರಗಿಸುತ್ತಿದ್ದವರು ನಿಂತು, "ಬೆಕ್ಕಿಗೋಸ್ಕರ ಇಬ್ರೂ ಒಂಟೋದ್ರೆ ನಾನೊಬ್ನೇ ಏನವ್ವ ಮಾಡ್ಲಿ? ಮುಯ್ಯಾಳು ಬರದು ನಾಳೀಕೆ" ಎಂದರು. ನಮ್ಮಲ್ಲಿ ಹುಳ ಹಣ್ಣಾದ ದಿನ ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ಕೆಲಸ ಮಾಡಿಕೊಡುತ್ತಾರೆ, ಅವರ ಸರದಿಗೆ ಇವರು ಹೋಗುತ್ತಾರೆ. ಅದೇ ಮುಯ್ಯಿ. ಹೇಳಿದ ದಿನ ಬದಲಾಯಿಸುವುದು ಅಷ್ಟು ಸಲೀಸಲ್ಲ.

ಅತ್ತೆ ಬೇಲಿಯ ಹತ್ತಿರ ಹೋಗಿ ಕೂಗಿದರು. "ಏ ಅಮ್ಮಿ, ನಾಳೀಕ್ ಬರೋರ್ನೆಲ್ಲ ಈಗ್ಲೇ ಕರ್ಕಬಾ. ನಾನು ಕೊಳ್ಳೇಗಾಲಕ್ಕೆ ಓಯ್ತಾವ್ನಿ."

ಪಕ್ಕದ ಮನೆಯ ಅಕ್ಕ ನಗೆ ತಡೆಯಲಾರದೆ, "ಉಳ ಅಣ್ಣಾಗಿರೊವಾಗ ನೀನು ಆಚ್ಗೆ ಕಾಲಿಟ್ಟಿದ್ದೇ ನಾ ಕಂಡಿಲ್ಲ. ಏನತ್ತೆ, ಬೆಕ್ಕಿಗೆ ಎಣ್ಣು ನೋಡಕ್ಕಾ?" ಎಂದರು.

"ಊಂ ಕಣೆ, ನಿನ್ ಮಗ್ಳೇ ಆಗ್ಬೋದು ಅಂತ" ಎಂದರು ಅತ್ತೆ. ಮುಖದಲ್ಲಿ ನಗೆಯಿರಲಿಲ್ಲ. ಮಗನ ಕಡೆ ತಿರುಗಿ, "ಈ ಉಳ ಇಲ್ಲೀಗಂಟ ಉಳ್ಸಿರೋನೇ ಅವ್ನು. ಅವ್ನ ಸಾಯಕ್ ಬುಟ್ಟು ಗೂಡ್ ಬುಡುಸ್ಲಾ?" ಎಂದರು. ಮದುವೆಯಾಗಿ ಬಂದಾಗಿನಿಂದ ಒಂದು ಬೆಳೆಯಲ್ಲೂ ಹಣ್ಣು ಹುಳವನ್ನು ಬೇರೆಯವರ ಕೈಗೆ ಪೂರ್ತಿ ಒಪ್ಪಿಸದವರು, ಸೆರಗು ಸಿಕ್ಕಿಸಿಕೊಂಡು ನನ್ನ ಮೊಪೆಡ್ಡಿನ ಹಿಂದೆ ಕುಳಿತರು.

ಗೂಡು ತುಂಬುವ ಪ್ಲಾಸ್ಟಿಕ್ ಕ್ರೇಟಿನಲ್ಲಿ ಹಳೆಯ ಪಂಚೆ ಹಾಸಿ, ಬೊಟ್ಟನನ್ನು ಮಲಗಿಸಿ, ಮೇಲೆ ಬಲೆ ಕಟ್ಟಿದೆವು. ರಸ್ತೆಯ ಪ್ರತಿ ಗುಂಡಿಯಲ್ಲೂ ಅವನು ನರಳುತ್ತಿದ್ದ. ಆ ನರಳಿಕೆ ಕೇಳುವುದೇ ಕಷ್ಟವಾಗಿತ್ತು. ಕೊಳ್ಳೇಗಾಲ ಹತ್ತಿರವಾಗುತ್ತ ಅದೂ ನಿಂತಿತು. ಅದು ಇನ್ನೂ ಕಷ್ಟವಾಯಿತು. "ಉಸ್ರು ಆಡ್ತಾ ಅದೆ, ನೀ ಓಡ್ಸು" ಎಂದು ಹಿಂದಿನಿಂದ ಅತ್ತೆ ಹೇಳುತ್ತಲೇ ಬಂದರು.

ಆಸ್ಪತ್ರೆಯ ಅಂಗಳದಲ್ಲಿ ಹಸು, ಎಮ್ಮೆ, ಹಗ್ಗ ಹಿಡಿದ ರೈತರು. ಮೇಕೆ ಹಿಡಿದುಕೊಂಡಿದ್ದ ಒಬ್ಬ ಅಜ್ಜ ಕ್ರೇಟಿನೊಳಗೆ ಇಣುಕಿ, "ಬೆಕ್ಕಿಗೂ ಆಸ್ಪತ್ರೇನವ್ವಾ? ಕಾಲ ಕೆಟ್ಟೋಯ್ತು ಬುಡು" ಎಂದ. "ನಿನ್ ಮೇಕೆ ಇಲಿ ಇಡದ್ರೆ ಕೊಡಪ್ಪ, ಅದ್ನೇ ಕರ್ಕೊಂಡೋಯ್ತೀನಿ" ಎಂದರು ಅತ್ತೆ. ಅಜ್ಜ ಬಾಯ್ತುಂಬ ನಕ್ಕು, ಸರಿದು, ನಮ್ಮನ್ನೇ ಮುಂದೆ ಬಿಟ್ಟ.

ಡಾಕ್ಟರಮ್ಮ ಎರಡು ಬೆರಳನ್ನು ಮಾತ್ರ ಹೊಟ್ಟೆಗೆ ಸೋಕಿಸಿ ತೆಗೆದರು. ಬಾಲ ಎತ್ತಿ ನೋಡಿದರು. ಉಚ್ಚೆ ಹೊಯ್ಯುವ ಜಾಗದ ತುದಿ ಕೆಂಪಗೆ ಊದಿಕೊಂಡಿತ್ತು. ಉಚ್ಚೆಯ ದಾರಿಯಲ್ಲಿ ಮರಳಿನಂಥದ್ದು ಸಿಕ್ಕಿಕೊಂಡಿದೆ, ಹೋಗಬೇಕಾದ ವಿಷ ರಕ್ತಕ್ಕೆ ತಿರುಗಿದೆ ಎಂದರು. ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಇಷ್ಟು ಹೆದರಿದ ಬೆಕ್ಕಿನ ಎದೆ ಓಡ್ತಿರಬೇಕು. ಇದು ನಡೀತಾ ಇದೆ" ಎಂದರು.

ಕಷ್ಟವೇನೆಂದು ಅವರು ಬಿಡಿಸಿ ಹೇಳಿದರು. ಕೊಳವೆ ತೂರಿಸಿ ದಾರಿ ಬಿಡಿಸಬೇಕು. ಎಚ್ಚರವಿರುವ ಬೆಕ್ಕಿಗೆ ಅದನ್ನು ಮಾಡಿದರೆ ಒದ್ದಾಡಿ ಒಳಗೆ ಹರಿಯುತ್ತದೆ. ಮಂಪರಿನ ಇಂಜೆಕ್ಷನ್ ಕೊಟ್ಟರೆ ಈ ಎದೆ ನಿಲ್ಲಬಹುದು. ಆದ್ದರಿಂದ ಮೊದಲು ಹೊಟ್ಟೆಯ ಮೇಲಿಂದಲೇ ಸಣ್ಣ ಸೂಜಿ ಇಳಿಸಿ ಉಚ್ಚೆ ಎಳೆದುಬಿಡುವುದು, ಎದೆ ಸ್ವಲ್ಪ ಚೇತರಿಸಿಕೊಳ್ಳಲಿ, ಆಮೇಲೆ ಮಂಪರು. ಸೂಜಿ ಇಳಿಸುವಾಗಲೂ ಬಿರಿಯುವ ಭಯ ಇದ್ದೇ ಇದೆ. "ಏನು ಮಾಡಲಿ, ಹೇಳಿ" ಎಂದು ಅತ್ತೆಯನ್ನು ಕೇಳಿದರು.

"ನನ್ನೇನ್ ಕೇಳೀರಿ ಮೇಡಮ್ಮೋರೆ. ನಿಮ್ಗೆ ಸರಿ ಕಂಡಿದ್ ಮಾಡಿ. ನಾನು ಅಲ್ಲಾಡ್ದಂಗೆ ಇಡ್ಕತೀನಿ."

ಅವರಲ್ಲಿದ್ದ ಕೊಳವೆಗಳೆಲ್ಲ ದನಗಳ ಅಳತೆಯವು. ಅತಿ ಸಣ್ಣದೆಂದರೆ ಹಸುವಿನ ಮೊಲೆತೊಟ್ಟಿಗೆ ಹಾಕುವುದು. ಅದೂ ದಪ್ಪವೇ. ಒಂದು ಚೀಟಿ ಬರೆದು ನನ್ನನ್ನು ಎದುರಿನ ಮೆಡಿಕಲ್ಲಿಗೆ ಓಡಿಸಿದರು. ಹಸುಗೂಸುಗಳಿಗೆ ಗ್ಲೂಕೋಸ್ ಏರಿಸುವ ಸೂಜಿಯ ಮೇಲೆ ಕೂದಲೆಳೆಯಂಥ ಪ್ಲಾಸ್ಟಿಕ್ ಕೊಳವೆಯಿರುತ್ತದಲ್ಲ, ಅದನ್ನು ತರಲು. "ಹನೂರು ಕಡೆ ಕಾಡಂಚಿನ ಊರುಗಳಲ್ಲಿದ್ದಾಗ ಇದರಲ್ಲೇ ಕೆಲಸ ಮಾಡಿದ್ದೀನಿ. ಅಲ್ಲಿ ಮೆಡಿಕಲ್ಲೂ ಹತ್ತಿರ ಇರಲಿಲ್ಲ" ಎಂದರು, ನಾನು ತಂದುಕೊಟ್ಟಾಗ.

ಸೂಜಿ ಇಳಿಯಿತು. ಸಿರಿಂಜಿನಲ್ಲಿ ಬಂದದ್ದು ರಾಗಿಯ ತೆಳು ಅಂಬಲಿಗೆ ರಕ್ತ ಬೆರೆಸಿದಂಥ ನೀರು. ತುಂಬಿದ್ದನ್ನು ಚೆಲ್ಲಿ, ಮತ್ತೆ ಎಳೆದು, ಹೀಗೆ ನಿಧಾನವಾಗಿ ಖಾಲಿ ಮಾಡಿದರು. ಆಮೇಲೆ ಮುಂಗಾಲಿನ ಕೂದಲು ಬೋಳಿಸಿ ಸಲೈನ್ ಹಚ್ಚಿದರು. ಕರು ಹಾಕಿ ಬಿದ್ದ ಹಸುವಿಗೆ ಬಾಟಲಿಗಟ್ಟಲೆ ಏರಿಸುವ ಕ್ಯಾಲ್ಸಿಯಂ ಅನ್ನು, ಎದೆಗೆ ಕಿವಿ ಕೊಟ್ಟುಕೊಂಡೇ, ಹನಿ ಲೆಕ್ಕದಲ್ಲಿ ಕೊಟ್ಟರು. ಅದೇ ಔಷಧಿ ನಮ್ಮ ಹಸುವನ್ನು ಎಬ್ಬಿಸಿದ್ದನ್ನು ನಾನು ಕಂಡಿದ್ದೆ. ಬೊಟ್ಟನ ಪುಟ್ಟ ಎದೆಯನ್ನೂ ಅದು ಕಾಯುತ್ತದೆಂದು ಗೊತ್ತಿರಲಿಲ್ಲ.

ಎದೆ ಬಿರುಸಾಯಿತು ಎಂದ ಮೇಲೆ ಮಂಪರಿನ ಮದ್ದು ಕೊಟ್ಟರು. ಅವನು ತಲೆ ಚೆಲ್ಲಿದ. ಅವರು ಕೊಳವೆಯನ್ನು ಕೈಗೆ ತೆಗೆದುಕೊಂಡರು, ಅಷ್ಟರಲ್ಲಿ ಅತ್ತೆ, "ಮೇಡಮ್ಮೋರೆ, ಪಕ್ಕೆ ಆಡ್ತಾ ಇಲ್ಲ" ಎಂದರು.

ನಿಜವಾಗಿಯೂ ಆಡುತ್ತಿರಲಿಲ್ಲ. ನಾಲಿಗೆ ಹೊರಗಿತ್ತು. ಗುಲಾಬಿ ಬಣ್ಣದ ನಾಲಿಗೆ ನೇರಳೆಗೆ ತಿರುಗುತ್ತಿತ್ತು. ಡಾಕ್ಟರಮ್ಮ ಕೊಳವೆ ಕೆಳಗಿಟ್ಟರು, ನಾಲಿಗೆಯನ್ನು ಮುಂದಕ್ಕೆಳೆದರು, ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಎದೆಯನ್ನು ಹಿಡಿದು ಒತ್ತತೊಡಗಿದರು. ನಡುನಡುವೆ ಅವನ ಬಾಯಿ ಮುಚ್ಚಿ, ತಮ್ಮ ಮುಷ್ಟಿಯನ್ನು ಕೊಳವೆಯಂತೆ ಮಾಡಿ, ಅವನ ಮೂಗಿಗೆ ಊದಿದರು. ಯಾರೂ ಕೂಗಾಡಲಿಲ್ಲ. ಹೊರಗೆ ಒಂದು ಎಮ್ಮೆ ಕೂಗುತ್ತಿತ್ತು. ಅತ್ತೆ ಹಿಡಿದ ಕೈ ಬಿಡದೆ, ಅವನ ಕಿವಿಯ ಹತ್ತಿರ ಬಾಗಿ, "ಲೇ ಬೊಟ್ಟ, ಇಲಿ ಬಂದದೆ ಕಣ್ಲಾ, ಏಳು" ಎಂದರು. ಮತ್ತೆ ಅದನ್ನೇ ಹೇಳಿದರು.

ನಾನು ಏನು ಮಾಡುತ್ತಿದ್ದೆ ಎಂದರೆ, ಸಲೈನಿನ ಬಾಟಲಿಯನ್ನು ಎತ್ತಿ ಹಿಡಿದು ನಿಂತಿದ್ದೆ. ನನ್ನ ಕೆಲಸ ಅದೊಂದೇ ಆಗಿತ್ತು. ಈಗಲೂ ಮೊಪೆಡ್ ಓಡಿಸುವಾಗ, ಸೊಪ್ಪು ಕೊಯ್ಯುವಾಗ, ಆ ಬಾಟಲಿ ಹಿಡಿದ ತೋಳಿನ ನೋವು ಬಂದಂತಾಗಿ ಆ ಮೇಜು ಕಾಣುತ್ತದೆ. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದವಳು ನಾನು. ಎದೆಯ ಚಿತ್ರ ಬರೆದು ಭಾಗಗಳನ್ನು ಗುರುತಿಸಿದ್ದೇನೆ. ಒಂದು ಎದೆ ನಿಲ್ಲುವುದು ಮತ್ತು ನಡೆಯುವುದರ ನಡುವಿನ ಹೊತ್ತು ಎಷ್ಟು ಉದ್ದವೆಂದು ಅಲ್ಲಿ ತಿಳಿಯಿತು.

ಬೊಟ್ಟ ಒಮ್ಮೆ ಬಿಕ್ಕಿದ. ಪಕ್ಕೆ ಏರಿತು. ಇಳಿಯಿತು. ಮತ್ತೆ ಏರಿತು.

ಡಾಕ್ಟರಮ್ಮ ಹಣೆಯ ಬೆವರನ್ನು ಭುಜಕ್ಕೆ ಒರೆಸಿಕೊಂಡು, ಬೇರೆ ಕೊಳವೆ ಬಿಚ್ಚಿ, ಬಿಟ್ಟ ಕೆಲಸವನ್ನು ಬಿಟ್ಟಲ್ಲಿಂದಲೇ ಹಿಡಿದರು. ನನಗೆ ಅವರ ಬಗ್ಗೆ ಮೆಚ್ಚಿಗೆ ಮೂಡಿದ್ದು ಅವನು ಉಸಿರಾಡಿದಾಗಲೂ ಅಲ್ಲ, ಆ ಕ್ಷಣದಲ್ಲಿ. ಕೊಳವೆಯ ತುದಿಯನ್ನು ದಾರಿಯ ಬಾಯಿಗಿಟ್ಟು ಸಲೈನನ್ನು ಸ್ವಲ್ಪ ಸ್ವಲ್ಪವೇ ತಳ್ಳಿದರು. ಹೋಗಲಿಲ್ಲ. ಹೊರತೆಗೆದು, ತುದಿಯನ್ನು ಬೆರಳುಗಳ ನಡುವೆ ಮೆಲ್ಲಗೆ ಉಜ್ಜಿ, ಮತ್ತೆ ಇಟ್ಟರು. ಹೋಗಲಿಲ್ಲ. ಅವಸರವಿಲ್ಲ, ಬೇಸರವಿಲ್ಲ. ಎಷ್ಟನೆಯ ಸಲಕ್ಕೋ ಸುಣ್ಣದ ಚೂರಿನಂಥದ್ದು ಪಿಚಕ್ಕನೆ ಹೊರಬಂತು. ಹಿಂದೆಯೇ ಕೆಂಪು ನೀರು ಧಾರೆಯಾಗಿ ಮೇಜಿನ ಮೇಲೆ ಹರಿದು ಅತ್ತೆಯ ಸೀರೆಗೆ ಇಳಿಯಿತು.

"ಉಯ್ಯಪ್ಪ, ಉಯ್ಯಿ. ಸೀರೆ ಒಗೀಬೋದು" ಎಂದರು ಅತ್ತೆ.

ಸಲೀಸಾಗಿ ಹರಿಯಲೆಂದು, ಅದೇ ಚೀಟಿಯಲ್ಲಿ ಬರೆದು ತರಿಸಿದ್ದ ಇನ್ನೊಂದು ಮೆತ್ತನೆಯ ಸಣ್ಣ ಕೊಳವೆಯನ್ನು ಒಳಗಿಟ್ಟು ಹೊಲಿಗೆ ಹಾಕಿದರು. ಕೈ ತೊಳೆಯುತ್ತ ಕೇಳಿದರು, "ಇವನಿಗೆ ಏನು ಹಾಕ್ತೀರಿ?"

"ಒಣಮೀನು, ಒಣ ಮುದ್ದೆ" ಎಂದೆ.

"ನೀರು ಎಲ್ಲಿ ಕುಡಿಯುತ್ತಾನೆ?"

ನಾನು ಅತ್ತೆಯ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಕೊನೆಯ ಹಂತದ ಹುಳಕ್ಕೆ ತೇವ ಆಗದು. ತೇವವಿದ್ದರೆ ಹಾಲು ರೋಗ, ಸಪ್ಪೆ ರೋಗ. ಆ ದಿನಗಳಲ್ಲಿ ಒದ್ದೆ ಸೀರೆಯುಟ್ಟು ಯಾರೂ ಒಳಗೆ ಬರುವಂತಿಲ್ಲ, ಮಳೆ ಬಿದ್ದ ಸೊಪ್ಪನ್ನು ಆರಿಸದೆ ಹಾಕುವಂತಿಲ್ಲ. ಇರುವೆ ಬರದಿರಲು ತಟ್ಟೆ ಜೋಡಿಸಿದ ಸ್ಟ್ಯಾಂಡಿನ ಕಾಲಿಗೆ ಎಲ್ಲರೂ ನೀರಿನ ಬಟ್ಟಲಿಟ್ಟರೆ ಅತ್ತೆ ಬೂದಿ ಸುರಿಯುತ್ತಾರೆ. ಅಂಥ ಮನೆಯಲ್ಲಿ, ಹುಳದ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣಕ್ಕೆ ಹೆದರಿ ಬಲೆ ಬಾಗಿಲು ಮುಚ್ಚಿ, ಉಪ್ಪಿನ ಮೀನು ಹಾಕಿ, ಬೆಕ್ಕನ್ನು ಕಾವಲಿಗೆ ಕೂರಿಸುತ್ತಿದ್ದೆವು. ಸಂಜೆ ಒಮ್ಮೆ ಹೊರಗೆ ಬಿಟ್ಟಾಗ ಕುಡಿದರೆ ಕುಡಿದ. ಹುಳದ ಮನೆಯಲ್ಲಿ ನೀರಿಡಬಾರದು ಎಂಬುದು ನಮಗೆ ಎಷ್ಟು ರಕ್ತಗತವಾಗಿತ್ತೆಂದರೆ ಬೆಕ್ಕಿಗೆ ಬಾಯಾರಿಕೆಯಾಗುತ್ತದೆಂದು ಯಾರಿಗೂ ಹೊಳೆದಿರಲಿಲ್ಲ.

ಅತ್ತೆ ಅದನ್ನು ಹೇಳಿದರು. ಡಾಕ್ಟರಮ್ಮ ಬೈಯಲಿಲ್ಲ. "ಅದೊಂದೇ ಕಾರಣ ಅಂತ ಹೇಳಕ್ಕಾಗಲ್ಲಮ್ಮ. ಗಂಡು ಬೆಕ್ಕುಗಳಿಗೆ ಇದು ಬರುತ್ತೆ. ಆದ್ರೆ ಇನ್ಮೇಲೆ ಇವನಿಗೆ ನೀರೇ ಔಷಧಿ" ಎಂದು ಮಾತ್ರೆಗಳ ಚೀಟಿ ಕೊಟ್ಟರು.

ಮನೆಗೆ ಬಂದಾಗ ಹುಳದ ಮನೆಯ ತುಂಬ ಮುಯ್ಯಾಳುಗಳು. ನಾನು ತಲೆಗೆ ನೀರು ಹಾಕಿಕೊಂಡು ಬಟ್ಟೆ ಬದಲಿಸಿ ಒಳಗೆ ಹೋದೆ. ಅತ್ತೆ ಬರಲಿಲ್ಲ. ಔಷಧಿಯ ವಾಸನೆ ಹುಳಕ್ಕಾಗದು, ಬೊಟ್ಟನನ್ನು ಮುಟ್ಟಿ ಮುಟ್ಟಿ ಒಳಗೆ ಬರುವಂತಿಲ್ಲ. ಅವರು ಅವನನ್ನು ಮಡಿಲಲ್ಲಿಟ್ಟುಕೊಂಡು ಬಲೆಯ ಆಚೆ ಜಗಲಿಯ ಮೇಲೆ ಕುಳಿತರು. ಅಲ್ಲಿಂದಲೇ, "ಒತ್ತಾಗಿ ಬುಡ್ಬ್ಯಾಡ್ರೇ, ಒಂದ್ ಗೂಡಲ್ಲಿ ಎಲ್ಡ್ ಉಳ ಕಟ್ತವೆ", "ಏ ಅಮ್ಮಿ, ಕಿವುಚ್ಬ್ಯಾಡ, ಬೆಣ್ಣೆ ತಗದಂಗೆ ತಗಿ" ಎಂದು ಹೇಳುತ್ತಿದ್ದರು.

"ಮಡ್ಲಲ್ಲಿ ಮಗ ಮಲ್ಗದೆ, ಬಾಯ್ ಮುಚ್ಕಂಡ್ ತೂಗತ್ತೆ" ಎಂದರು ಪಕ್ಕದ ಮನೆಯ ಅಕ್ಕ. ಒಳಗಿದ್ದವರೆಲ್ಲ ನಕ್ಕರು. ಅತ್ತೆಯೂ ನಕ್ಕರು. ಬೆಳಿಗ್ಗೆಯಿಂದ ಅದೇ ಮೊದಲು.

ಮಾತ್ರೆ ನುಂಗಿಸುವುದು ಬೇರೆಯದೇ ಯುದ್ಧವಾಯಿತು. ಮೊದಲನೆಯದನ್ನು ಮುದ್ದೆಯಲ್ಲಿಟ್ಟೆವು. ಮುದ್ದೆ ತಿಂದು ಮಾತ್ರೆ ಉಳಿಸಿದ. ಪುಡಿ ಮಾಡಿ ಹಾಲಿಗೆ ಹಾಕಿದರೆ ಹಾಲನ್ನೇ ಮುಟ್ಟಲಿಲ್ಲ. ಬಾಯಿ ಬಿಡಿಸಿ ಹಾಕಿದಾಗ ಬಾಯಿ ತುಂಬ ನೊರೆ ಸುರಿಸಿ ನನ್ನ ಮೊಣಕೈ ಪರಚಿದ. ವಿಷವೇರಿತೆಂದು ಹೆದರಿ ಫೋನ್ ಮಾಡಿದೆ. "ಕಹಿಗೆ ಹಾಗೆ ಮಾಡ್ತಾನೆ, ಹೆದರಬೇಡಿ. ನಾಲಿಗೆಯ ಬುಡಕ್ಕೆ ಹೋಗಬೇಕು, ಹಿಂದೆಯೇ ನೀರು" ಎಂದರು.

ಅತ್ತೆ ಮಾತ್ರೆಗೆ ಬೆಣ್ಣೆ ಮೆತ್ತಿದರು. ಹಳೆಯ ಪಂಚೆಯಲ್ಲಿ ಬೊಟ್ಟನನ್ನು ಕೂಸಿನಂತೆ ಸುತ್ತಿ ಮೊಣಕಾಲುಗಳ ನಡುವೆ ಕೂರಿಸಿಕೊಂಡರು. ಎಡಗೈಯಿಂದ ತಲೆಯನ್ನು ಮೇಲಕ್ಕೆ ತಿರುಗಿಸಿ, ಬಲಗೈಯ ಬೆರಳಲ್ಲಿ ಕೆಳದವಡೆ ಇಳಿಸಿ, ಬೆಣ್ಣೆಯುಂಡೆಯನ್ನು ಒಳಗೆ ಜಾರಿಸಿ, ಬಾಯಿ ಮುಚ್ಚಿ ಗಂಟಲು ಸವರಿದರು. ಅವನು ಮೂಗು ನೆಕ್ಕಿಕೊಂಡ. ನುಂಗಿದನೆಂದು ಅದರಿಂದ ತಿಳಿಯಿತು. ಆಮೇಲೆ ಬಾಯಿಯ ಪಕ್ಕದಿಂದ ಸೂಜಿಯಿಲ್ಲದ ಸಿರಿಂಜಿನಲ್ಲಿ ನೀರು. ಹಣ್ಣು ಹುಳವನ್ನು ನೋಯದಂತೆ ಆಯುವ ಬೆರಳುಗಳು ಅವು. ಒಳಗೆ ಹೋಗುವಂತಿಲ್ಲದ ಆ ದಿನಗಳಲ್ಲಿ ಆ ಬೆರಳುಗಳಿಗೆ ಬೊಟ್ಟನೊಬ್ಬನೇ ಕೆಲಸ.

ಕೊಳವೆ ತೆಗೆಸಿಕೊಂಡು ಬಂದ ದಿನ ಮತ್ತೆ ಭಯ. ಮಧ್ಯಾಹ್ನ ಕಳೆದರೂ ಅವನು ಉಚ್ಚೆ ಹೊಯ್ಯಲಿಲ್ಲ. ಬೂದಿಯ ತಟ್ಟೆಗೆ ಹೋಗಿ ಕೂರುವುದು, ಏಳುವುದು. ಡಾಕ್ಟರಮ್ಮ ಫೋನಿನಲ್ಲಿ, "ಹೊಟ್ಟೆ ಮೆತ್ತಗಿದೆಯಾ? ಕೊಳವೆಯ ಉರಿ ಇರಬಹುದು. ಮಾತ್ರೆ ಕೊಟ್ಟು ಸ್ವಲ್ಪ ಕಾಯಿರಿ. ಗಟ್ಟಿಯಾದರೆ ಹೊರಟುಬಿಡಿ" ಎಂದರು. ನಾನು ಮೊಪೆಡ್ಡಿನ ಕೀಲಿಯನ್ನು ಕೈಯಲ್ಲೇ ಹಿಡಿದು ಕುಳಿತೆ. ಅತ್ತೆ ಮೀನು ಬೇಯಿಸಿದ ನೀರನ್ನು ತಂದಿಟ್ಟರು, ಅವನು ನೆಕ್ಕಿದ, ಮತ್ತಷ್ಟು ತಂದಿಟ್ಟರು.

ಬಿಸಿಲು ಇಳಿಯುವ ಹೊತ್ತಿಗೆ ಅವರು ಕೂಗಿದ್ದು ಓಣಿಗೆಲ್ಲ ಕೇಳಿಸಿತು. "ಉಯ್ದ ಕಣಮ್ಮಿ! ಬಾ ಇಲ್ಲಿ, ನೋಡು! ಅಂಗೈ ಅಗಲ ಉಯ್ದವ್ನೆ!"

ನಾವು ಮೂವರೂ ಬೂದಿಯ ಆ ಒದ್ದೆಯ ಸುತ್ತ ನಿಂತು ನೋಡಿದೆವು. ಕೆಂಪಿರಲಿಲ್ಲ. ಪಕ್ಕದ ಮನೆಯ ಅಕ್ಕ ಬೇಲಿಯಾಚೆಯಿಂದ, "ಗಂಡ್ಮಗ ಉಟ್ಟಾಗ್ಲೂ ಇಂಗ್ ಕೂಗಿರ್ನಿಲ್ವಲ್ಲತ್ತೆ" ಎಂದರು. ನನ್ನ ಗಂಡ ತಲೆ ಕೆರೆದುಕೊಂಡು ಒಳಗೆ ಹೋದರು.

ಆ ಬೆಳೆ ಚೆನ್ನಾಗಿಯೇ ಆಯಿತು. ಗೂಡು ಮಾರಿ, ಹುಳದ ಮನೆ ತೊಳೆದು, ಸುಣ್ಣ ಹೊಡೆದು, ಮುಂದಿನ ಬೆಳೆಗೆ ಎಳೆಯ ಚಾಕಿ ಹುಳ ತಂದೆವು. ಅವು ಬೆಳೆದು ಕೊನೆಯ ಹಂತಕ್ಕೆ ಬಂದು ಬೊಟ್ಟನನ್ನು ಒಳಗೆ ಬಿಡುವ ದಿನ ಅತ್ತೆ ಏನು ಮಾಡುತ್ತಾರೋ ಎಂದು ನಾನು ಸುಮ್ಮನೆ ನೋಡುತ್ತಿದ್ದೆ. ಅವರು ಒಂದು ಕಲ್ಲಿನ ಬಟ್ಟಲನ್ನು ಉಜ್ಜಿ ತೊಳೆದು, ಹೊರಮೈಯನ್ನು ಸೆರಗಿನಿಂದ ಒರೆಸಿ ಒರೆಸಿ ಒಣಗಿಸಿದರು. ಬಾಗಿಲ ಮೂಲೆಯಲ್ಲಿ ಅಗಲವಾದ ತಟ್ಟೆಯಿಟ್ಟು, ಅದರ ತುಂಬ ಒಣ ಬೂದಿ ಹರಡಿ, ನಡುವೆ ಬಟ್ಟಲು ಕೂರಿಸಿ ನೀರು ಸುರಿದರು. ಒಂದು ತೊಟ್ಟು ಹೊರಗೆ ಬಿತ್ತು. ಬೂದಿ ಅದನ್ನು ಹೀರುವವರೆಗೆ ಕಣ್ಣಿಟ್ಟು ನೋಡಿದರು.

"ಉಳಕ್ಕೇನಾದ್ರೂ ಆದದೇನವ್ವ?" ಎಂದರು ನನ್ನ ಗಂಡ.

"ಆದ್ರೆ ಆಗ ನೋಡ್ಕಳನ" ಎಂದರು ಅತ್ತೆ.

ನಾವು ಸೊಪ್ಪು ಹಾಕಿ ಮುಗಿಸಿದ್ದೆವು. ಹುಳ ಮೇಯುವ ಸರಬರ ಸದ್ದು ಮನೆ ತುಂಬ ಎದ್ದಿತ್ತು. ಅದರ ನಡುವೆ ಮೂಲೆಯಿಂದ ಇನ್ನೊಂದು ಸಣ್ಣ ಸದ್ದು ಕೇಳಿಸಿತು, ಲೊಚ್ ಲೊಚ್ ಎಂದು. ನಾನು ಏನೋ ಹೇಳಲು ಬಾಯಿ ತೆರೆದೆ. ಅತ್ತೆ ತಿರುಗಿ ನೋಡದೆಯೇ ಕೈಯೆತ್ತಿ ತಡೆದರು.

"ಸುಮ್ನಿರು" ಎಂದರು. "ಕುಡೀತಾವ್ನೆ."